ಮನೆಯಿಲ್ಲದ ಕುಟುಂಬಗಳ ತಂಗುದಾಣ ಸುಧಾರಿಸುವುದು ಹೇಗೆ? ಸ್ವಯಂಸೇವಕರಿಗೆ ಸಮಗ್ರ ಮಾರ್ಗದರ್ಶಿ

ತಂಗುದಾಣಕ್ಕೆ ನೆರವಾಗೋಣ ಅಂದ ಕೂಡಲೇ ಹೆಚ್ಚಿನ ಗುಂಪುಗಳಿಗೆ ಹೊಳೆಯುವುದು ಬಣ್ಣ ಬಳಿಯುವ ಕೆಲಸ. ಒಂದು ಭಾನುವಾರದಲ್ಲಿ ಮುಗಿಯುತ್ತದೆ, ಕಣ್ಣಿಗೂ ಕಾಣುತ್ತದೆ. ಬಂದವರ ಮನಸ್ಸು ಒಳ್ಳೆಯದೇ. ಆದರೆ ಗೋಡೆಯ ಮೇಲೆ ಕಾಮನಬಿಲ್ಲು ಮೂಡಿದ ರಾತ್ರಿಯೂ ಮಕ್ಕಳಿಗೆ ತಿಗಣೆ ಕಚ್ಚುತ್ತಿದ್ದರೆ, ಬಚ್ಚಲಿಗೆ ಒಳಗಿನ ಚಿಲಕವೇ ಇಲ್ಲದಿದ್ದರೆ, ಅಲ್ಲಿರುವ ತಾಯಿಗೆ ಏನು ಬದಲಾಯಿತು? ಅದಕ್ಕೇ ಈ ಬರಹದಲ್ಲಿ ನೀರು, ಚಿಲಕ, ತಿಗಣೆ, ಬೀಗ, ಕಾಗದಪತ್ರ ಮೊದಲು ಬರುತ್ತವೆ. ಬಣ್ಣ ಆಮೇಲೆ.

ಬೆಂಗಳೂರು ಮತ್ತು ಕರ್ನಾಟಕದ ಬೇರೆ ನಗರಗಳ ತಂಗುದಾಣಗಳನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆಯುತ್ತಿದ್ದೇನೆ. ಅಲ್ಲಿಗೆ ಬರುವವರು ಯಾರು? ರಾಯಚೂರು, ಯಾದಗಿರಿ, ಕಲಬುರಗಿ, ಕೊಪ್ಪಳದ ಕಡೆಯಿಂದ ಗುಳೆ ಬಂದು ಕಟ್ಟಡದ ಕೆಲಸ ಮಾಡುವವರು. ಚಿಂದಿ ಆಯುವವರು. ಸಿಗ್ನಲ್‌ಗಳಲ್ಲಿ ಆಟಿಕೆ ಮಾರುವವರು. ಬಾಡಿಗೆ ಕಟ್ಟಲಾಗದೆ ಬೀದಿಗೆ ಬಂದವರು. ಗಂಡನ ಹೊಡೆತ ತಾಳಲಾರದೆ ಮಕ್ಕಳನ್ನು ಕರೆದುಕೊಂಡು ಹೊರಟುಬಂದ ಹೆಂಗಸರು. 2011ರ ಜನಗಣತಿಯ ಲೆಕ್ಕದಲ್ಲಿ ದೇಶದಲ್ಲಿ 17.7 ಲಕ್ಷ ಜನರಿಗೆ ಮನೆ ಇರಲಿಲ್ಲ.

ಮೊದಲು ಅಳತೆ ತಿಳಿದುಕೊಳ್ಳಿ

ನಗರದ ತಂಗುದಾಣ ಸಾಮಾನ್ಯವಾಗಿ ಪಾಲಿಕೆ ಅಥವಾ ಪುರಸಭೆಯದು. ದಿನನಿತ್ಯ ನಡೆಸುವುದು ಬಹಳ ಕಡೆ ಒಂದು ಸ್ವಯಂಸೇವಾ ಸಂಸ್ಥೆ. ಹಾಗಾಗಿ ಇಬ್ಬರ ಒಪ್ಪಿಗೆಯೂ ಬೇಕು. ಸಣ್ಣಪುಟ್ಟ ರಿಪೇರಿಗೆ ನಡೆಸುವ ಸಂಸ್ಥೆಯ ಒಪ್ಪಿಗೆ ಸಾಕಾಗಬಹುದು. ಗೋಡೆ, ಛಾವಣಿ, ವೈರಿಂಗ್, ಪೈಪು ಮುಟ್ಟುವ ಮುಂಚೆ ಮಾತ್ರ ಪಾಲಿಕೆಯ ಎಂಜಿನಿಯರ್‌ಗೆ ಪತ್ರ ಕೊಟ್ಟು, ಲಿಖಿತ ಒಪ್ಪಿಗೆ ತೆಗೆದುಕೊಳ್ಳಿ.

ಪತ್ರ ಬರೆಯುವಾಗ ಒಂದು ವಿಷಯ ಗೊತ್ತಿರಲಿ: ತಂಗುದಾಣ ಯಾರೋ ದಯೆಯಿಂದ ಕೊಡುವ ಜಾಗ ಅಲ್ಲ. ಚಳಿಯಲ್ಲಿ ಬೀದಿಯಲ್ಲಿ ಮಲಗುವವರ ವಿಷಯವಾಗಿ ಸುಪ್ರೀಂ ಕೋರ್ಟ್ 2010ರಲ್ಲಿ ದೆಹಲಿಗೆ ಸಂಬಂಧಿಸಿ ಕೊಟ್ಟ ಆದೇಶಗಳು ಮುಂದೆ ಬೇರೆ ನಗರಗಳಿಗೂ ಹರಡಿದವು. 2013ರಲ್ಲಿ ಶುರುವಾದ ರಾಷ್ಟ್ರೀಯ ನಗರ ಜೀವನೋಪಾಯ ಅಭಿಯಾನದಲ್ಲಿ ವಸತಿರಹಿತರ ಆಶ್ರಯಕ್ಕೆಂದೇ ಒಂದು ಭಾಗ ಸೇರಿತು. ಅದರ ಮಾರ್ಗಸೂಚಿ ಹೇಳಿದ್ದು ಹೀಗೆ: ನಗರದ ಒಂದು ಲಕ್ಷ ಜನಸಂಖ್ಯೆಗೆ ಕನಿಷ್ಠ ನೂರು ಜನಕ್ಕೆ ಸಾಲುವಷ್ಟು ಕಾಯಂ ತಂಗುದಾಣ ಇರಬೇಕು. ಅದು ವರ್ಷಪೂರ್ತಿ, ಹಗಲೂ ರಾತ್ರಿ ತೆರೆದಿರಬೇಕು. ಒಬ್ಬರಿಗೆ ಕನಿಷ್ಠ 50 ಚದರ ಅಡಿ ಜಾಗ ಸಿಗಬೇಕು. ಅಡುಗೆ ಜಾಗ, ಬಚ್ಚಲು, ಶೌಚಾಲಯ, ಕುಡಿಯುವ ನೀರು, ಸಾಮಾನು ಇಡಲು ಲಾಕರ್, ಪ್ರಥಮ ಚಿಕಿತ್ಸೆ ಪೆಟ್ಟಿಗೆ, ಬೆಂಕಿಯಿಂದ ರಕ್ಷಣೆ ಇವೆಲ್ಲ ಅದರಲ್ಲಿವೆ.

ಒಂದು ಟೇಪು ತೆಗೆದುಕೊಂಡು ಹಾಲ್ ಅಳೆಯಿರಿ. 1000 ಚದರ ಅಡಿಯ ಹಾಲ್‌ನಲ್ಲಿ ಈ ಲೆಕ್ಕಕ್ಕೆ 20 ಜನ ಇರಬಹುದು. ಅಂದರೆ ಐದು ಜನರ ನಾಲ್ಕು ಕುಟುಂಬ. ಅಲ್ಲಿ ಒಂಬತ್ತು ಕುಟುಂಬಗಳಿದ್ದರೆ ನೀವು ಏನೇ ಸುಧಾರಿಸಿದರೂ ಇಕ್ಕಟ್ಟು ಹೋಗುವುದಿಲ್ಲ. ಆಗ ಪಾಲಿಕೆಯಿಂದ ಇನ್ನೊಂದು ಕಟ್ಟಡ ಕೇಳುವುದೂ ನಿಮ್ಮ ಕೆಲಸದ ಭಾಗವೇ ಆಗುತ್ತದೆ.

ಅಲ್ಲಿರುವವರನ್ನು ಕೇಳಿ, ಅವರ ಸಮಯಕ್ಕೆ

ಬೆಳಿಗ್ಗೆ ಹನ್ನೊಂದಕ್ಕೆ ಹೋದರೆ ಸಿಗುವುದು ಕೇರ್‌ಟೇಕರ್ ಮತ್ತು ಒಂದಿಬ್ಬರು ವಯಸ್ಸಾದವರು ಮಾತ್ರ. ಉಳಿದವರು ಕೂಲಿಗೆ ಹೋಗಿರುತ್ತಾರೆ. ರಾತ್ರಿ ಊಟದ ಹೊತ್ತಿಗೆ ಹೋಗಿ. ಹೆಂಗಸರ ಹತ್ತಿರ ಹೆಂಗಸರೇ ಪ್ರತ್ಯೇಕವಾಗಿ ಕೂತು ಮಾತಾಡಲಿ. ಕನ್ನಡ ಬಾರದವರೂ ಇರುತ್ತಾರೆ. ತೆಲುಗು, ತಮಿಳು, ಹಿಂದಿ, ಬಂಗಾಳಿ ಬಲ್ಲ ಸ್ನೇಹಿತರು ಜೊತೆಗಿರಲಿ. ಅಕ್ಕ, ಅಣ್ಣ, ಅಮ್ಮ ಅಂತ ಕರೆದು, ನೆಲದ ಮೇಲೆ ಅವರ ಜೊತೆಗೇ ಕೂತರೆ ಅರ್ಧ ಸಂಕೋಚ ಹೋಗುತ್ತದೆ. ಮೊದಲ ಸಲ ಹೋದಾಗ ಕೈಯಲ್ಲಿ ಫಾರಂ ಹಿಡಿದು ಹೆಸರು, ಊರು, ಜಾತಿ ಕೇಳಬೇಡಿ. ಕಟ್ಟಡದ ಬಗ್ಗೆ ಕೇಳಿ. ರಾತ್ರಿ ಎದ್ದು ಶೌಚಾಲಯಕ್ಕೆ ಹೋಗಲು ಭಯವಾಗುತ್ತದಾ? ಸಾಮಾನು ಎಲ್ಲಿಡುತ್ತೀರಿ? ಮಗುವಿಗೆ ಹುಷಾರಿಲ್ಲದಾಗ ಎಲ್ಲಿಗೆ ಹೋಗುತ್ತೀರಿ? ಮಳೆ ಬಂದರೆ ಎಲ್ಲಿ ಸೋರುತ್ತದೆ?

ಒಳಗೆ ಬಾರದೆ ಪಕ್ಕದ ಫುಟ್‌ಪಾತಿನಲ್ಲೇ ಮಲಗುವ ಕುಟುಂಬಗಳನ್ನೂ ಮರೆಯದೆ ಮಾತಾಡಿಸಿ. ತಂಗುದಾಣದ ಕೊರತೆ ಚೆನ್ನಾಗಿ ಗೊತ್ತಿರುವುದು ಅವರಿಗೇ. ಅವರು ಹೇಳುವ ಕಾರಣಗಳು ಬಹಳ ಸಲ ಒಂದೇ ಥರ ಇರುತ್ತವೆ. ಗಂಡ ಒಂದು ಕಡೆ, ಹೆಂಡತಿ ಇನ್ನೊಂದು ಕಡೆ ಮಲಗಬೇಕು. ಹದಿಮೂರು ವರ್ಷದ ಮಗನನ್ನು ಹೆಂಗಸರ ಕೋಣೆಗೆ ಬಿಡುವುದಿಲ್ಲ. ತಳ್ಳುಗಾಡಿ, ಚಿಂದಿ ಮೂಟೆ, ಗಾರೆ ಸಾಮಾನು ಇಡಲು ಜಾಗವಿಲ್ಲ. ಇನ್ನೊಂದು ದೊಡ್ಡ ಭಯವಿದೆ. 1975ರ ಭಿಕ್ಷಾಟನೆ ನಿಷೇಧ ಕಾಯ್ದೆಯಡಿ ಹಿಡಿದುಕೊಂಡು ಹೋಗುವ ನಿರಾಶ್ರಿತರ ಪರಿಹಾರ ಕೇಂದ್ರವೂ ಇದೂ ಒಂದೇ ಅಂದುಕೊಂಡು ಎಷ್ಟೋ ಜನ ಹತ್ತಿರ ಬರುವುದಿಲ್ಲ. ಇಲ್ಲಿಗೆ ತಾವಾಗಿಯೇ ಬರಬಹುದು, ಯಾವಾಗ ಬೇಕಾದರೂ ಹೋಗಬಹುದು ಅನ್ನುವುದನ್ನು ಬಾಯಿಮಾತಿನಲ್ಲೂ, ಬಾಗಿಲ ಬಳಿಯ ಬೋರ್ಡಿನಲ್ಲೂ ಸ್ಪಷ್ಟವಾಗಿ ಹೇಳಿ.

ನೀರು ಮತ್ತು ಬಚ್ಚಲು

ಮೊದಲ ವಾರದ ಹಣ, ಶ್ರಮ ಎರಡೂ ಇಲ್ಲಿಗೇ ಹೋಗಲಿ. ಸಂಪು ಮತ್ತು ತಾರಸಿಯ ಟ್ಯಾಂಕನ್ನು ಖಾಲಿ ಮಾಡಿಸಿ, ಕೆಸರು ಉಜ್ಜಿಸಿ. ಮುಚ್ಚಳ ಬಿರುಕು ಬಿಟ್ಟಿದ್ದರೆ ಬದಲಿಸಿ. ಸಂಪಿನೊಳಗೆ ಒಬ್ಬರನ್ನೇ ಇಳಿಸಬೇಡಿ, ಮೇಲೆ ಒಬ್ಬರು ನಿಂತಿರಲೇಬೇಕು. ತುಂಬಿದ ತಿಳಿ ನೀರಿಗೆ 1000 ಲೀಟರಿಗೆ ಸುಮಾರು 2.5 ಗ್ರಾಂ ಹೊಸ ಬ್ಲೀಚಿಂಗ್ ಪುಡಿ ಸಾಕು. ಪುಡಿಯನ್ನು ಬಕೆಟ್‌ನಲ್ಲಿ ಸ್ವಲ್ಪ ನೀರು ಹಾಕಿ ಕದಡಿ, ಸುಣ್ಣ ತಳಕ್ಕಿಳಿದ ಮೇಲೆ ತಿಳಿಯನ್ನಷ್ಟೇ ಟ್ಯಾಂಕಿಗೆ ಹಾಕಿ. ಒಂದು ಗಂಟೆ ಬಿಟ್ಟು ಬಳಸಿ. ಹಳೆಯ ಪುಡಿಗೆ ಸತ್ವ ಇರುವುದಿಲ್ಲ, ಸಣ್ಣ ಪೊಟ್ಟಣಗಳನ್ನೇ ಕೊಳ್ಳಿ. ಕುಡಿಯುವ ನೀರಿಗೆ ಮುಚ್ಚಳ, ನಲ್ಲಿ ಎರಡೂ ಇರುವ ಡ್ರಮ್ಮು ಒಳ್ಳೆಯದು. ಲೋಟ ಅದ್ದಿ ತೆಗೆಯುವ ಪಾತ್ರೆಯಿಂದ ಭೇದಿ ಒಬ್ಬರಿಂದ ಒಬ್ಬರಿಗೆ ಬೇಗ ಹರಡುತ್ತದೆ.

ವಿಪತ್ತು ಶಿಬಿರಗಳಿಗೆ ಜಗತ್ತಿನಾದ್ಯಂತ ಬಳಸುವ ಸ್ಫಿಯರ್ ಮಾನದಂಡದಲ್ಲಿ 20 ಜನಕ್ಕೆ ಕನಿಷ್ಠ ಒಂದು ಶೌಚಾಲಯ. ಕಾಯಂ ತಂಗುದಾಣದಲ್ಲಿ ಅದಕ್ಕಿಂತ ಕಡಿಮೆ ಇದ್ದರೆ ಹೇಗೆ? ಆದರೆ ಹೊಸದನ್ನು ಕಟ್ಟಿಸುವ ಮೊದಲು ಇರುವುದನ್ನು ಸರಿಮಾಡಿ. ಒಳಗಿನಿಂದ ಗಟ್ಟಿ ಚಿಲಕ ಬೇಕು. ಮಕ್ಕಳ ಕೈಗೆಟುಕುವ ಎತ್ತರದಲ್ಲಿ ಇನ್ನೊಂದು. ಒಳಗೊಂದು, ಹೋಗುವ ದಾರಿಯಲ್ಲೊಂದು ದೀಪ. ಕರೆಂಟು ಹೋದರೂ ಉರಿಯುವ ಎಮರ್ಜೆನ್ಸಿ ಲ್ಯಾಂಪ್ ಇರಲಿ. ಹೆಂಗಸರ ಬಚ್ಚಲಲ್ಲಿ ಬಟ್ಟೆ ನೇತುಹಾಕಲು ಮೊಳೆ, ಪ್ಯಾಡ್ ಹಾಕಲು ಮುಚ್ಚಳವಿರುವ ಬುಟ್ಟಿ. ಗರ್ಭಿಣಿಯರಿಗೂ ವಯಸ್ಸಾದವರಿಗೂ ಹಿಡಿದುಕೊಂಡು ಏಳಲು ಗೋಡೆಗೊಂದು ಕಬ್ಬಿಣದ ಹಿಡಿ. ಇವೆಲ್ಲ ಹಾರ್ಡ್‌ವೇರ್ ಅಂಗಡಿಯಲ್ಲಿ ಕಡಿಮೆ ದುಡ್ಡಿಗೆ ಸಿಗುವ ವಸ್ತುಗಳು. ಬಟ್ಟೆ ಒಗೆಯುವ ಕಲ್ಲು ಮತ್ತು ಬಿಸಿಲು ಬೀಳುವ ಕಡೆ ತಂತಿ ಇಲ್ಲದಿದ್ದರೆ ಅದನ್ನೂ ಮಾಡಿಸಿ. ಒದ್ದೆ ಬಟ್ಟೆ ಒಳಗೆ ಹರವಿದರೆ ಗೋಡೆ ಬೂಷ್ಟು ಹಿಡಿಯುತ್ತದೆ.

ತಿಗಣೆ

ಈ ಭಾಗವನ್ನು ಸ್ವಲ್ಪ ಉದ್ದವಾಗಿಯೇ ಬರೆಯುತ್ತೇನೆ. ಜನ ತಂಗುದಾಣ ಬಿಟ್ಟು ಮತ್ತೆ ಬೀದಿಗೆ ಹೋಗಲು ತಿಗಣೆ ಒಂದು ದೊಡ್ಡ ಕಾರಣ. ನಿದ್ದೆ ಇಲ್ಲದ ಮಗು ಶಾಲೆಯಲ್ಲಿ ತೂಕಡಿಸುತ್ತದೆ, ಅಪ್ಪ ಸಾರುವೆ ಮೇಲೆ ನಿಂತು ಕಣ್ಣುಜ್ಜಿಕೊಳ್ಳುತ್ತಾನೆ.

ತಿಗಣೆ ಕೊಳಕಿನಿಂದ ಹುಟ್ಟುವುದಲ್ಲ. ಬ್ಯಾಗು, ಹಾಸಿಗೆ, ಬಟ್ಟೆಯ ಜೊತೆ ಎಲ್ಲಿಗೆ ಬೇಕಾದರೂ ಬರುತ್ತದೆ. ಆದ್ದರಿಂದ ಯಾವ ಕುಟುಂಬ ತಂದಿತು ಅಂತ ಹುಡುಕಬೇಡಿ, ಹುಡುಕುವವರನ್ನೂ ತಡೆಯಿರಿ. ಇದು ರಕ್ತ ಸಿಗದಿದ್ದರೂ ತಿಂಗಳುಗಟ್ಟಲೆ ಬದುಕಿರುತ್ತದೆ. ಕೋಣೆ ಖಾಲಿ ಬಿಟ್ಟರೆ ಸಾಯುತ್ತದೆ ಅಂದುಕೊಳ್ಳಬೇಡಿ.

ಇದಕ್ಕೆ ದೊಡ್ಡ ಮದ್ದು ಬಿಸಿ. ಇಡೀ ಕಟ್ಟಡಕ್ಕೆ ಒಂದೇ ದಿನ ಗೊತ್ತು ಮಾಡಿ. ಒಂದು ಕೋಣೆ ಇವತ್ತು, ಇನ್ನೊಂದು ಮುಂದಿನ ವಾರ ಅಂದರೆ ತಿಗಣೆ ಸುಮ್ನೆ ಪಕ್ಕದ ಕೋಣೆಗೆ ಹೋಗುತ್ತದೆ. ಆ ದಿನ ಬಟ್ಟೆ, ಹೊದಿಕೆ, ಬೆಡ್‌ಶೀಟುಗಳನ್ನೆಲ್ಲ ಚೀಲಗಳಲ್ಲಿ ಕಟ್ಟಿ, ಚೀಲಕ್ಕೆ ಕುಟುಂಬದ ಗುರುತು ಹಾಕಿ. 60 ಡಿಗ್ರಿ ಬಿಸಿನೀರಿನಲ್ಲಿ ಒಗೆಯುವ ಲಾಂಡ್ರಿಯವರು ಒಪ್ಪಿದರೆ ಒಳ್ಳೆಯದು. ಇಲ್ಲದಿದ್ದರೆ ಹಂಡೆಯಲ್ಲಿ ನೀರು ಕಾಯಿಸಿ ನೆನೆಸಿ. ಬರೀ ಬಿಸಿಲಿಗೆ ಹರವಿದರೆ ಸಾಲದು, ತಿಗಣೆ ನೆರಳಿನ ಮಗ್ಗುಲಿಗೆ ಸರಿದುಕೊಳ್ಳುತ್ತದೆ. ಕಬ್ಬಿಣದ ಮಂಚದ ಸಂದುಗಳಿಗೆ ಕುದಿಯುವ ನೀರು ಅಥವಾ ಸ್ಟೀಮರ್ ಬಳಸಿ. ಮರದ ಮಂಚ, ಹರಿದ ಹತ್ತಿ ಹಾಸಿಗೆಗಳಿಗೆ ಬದಲಾಗಿ ಕಬ್ಬಿಣದ ಮಂಚ ಮತ್ತು ರೆಕ್ಸಿನ್ ಹೊದಿಕೆಯ ಹಾಸಿಗೆ ತರಿಸಲು ಸಾಧ್ಯವಾದರೆ ಅದು ಅತ್ಯಂತ ಒಳ್ಳೆಯ ದಾನ. ಗೋಡೆಯ ಬಿರುಕು, ಸ್ವಿಚ್ ಬೋರ್ಡಿನ ಸುತ್ತಲ ಸಂದು, ಬಾಗಿಲ ಚೌಕಟ್ಟಿನ ಅಂಚು ಎಲ್ಲವನ್ನೂ ಸಿಮೆಂಟು ಅಥವಾ ಪುಟ್ಟಿ ಹಾಕಿ ಮುಚ್ಚಿಸಿ.

ಔಷಧಿ ಹೊಡೆಯುವುದಾದರೆ ಲೈಸೆನ್ಸ್ ಇರುವ ಕೀಟ ನಿಯಂತ್ರಣದವರನ್ನೇ ಕರೆಸಿ. ಅವರು ಹೇಳಿದಷ್ಟು ಹೊತ್ತು ಮಕ್ಕಳು, ಗರ್ಭಿಣಿಯರು ಬೇರೆ ಕಡೆ ಇರಲು ವ್ಯವಸ್ಥೆ ಮಾಡಿ. ಸೀಮೆಎಣ್ಣೆ ಚಿಮುಕಿಸುವ ಹಳೆಯ ರೂಢಿ ಬೇಡವೇ ಬೇಡ, ಬೆಂಕಿಯ ಅಪಾಯ. ಉಳಿದ ಮೊಟ್ಟೆಗಳು ಎರಡು ವಾರದೊಳಗೆ ಒಡೆಯುತ್ತವೆ. ಆದ್ದರಿಂದ ಎರಡು ವಾರ ಬಿಟ್ಟು ಇದೆಲ್ಲವನ್ನೂ ಇನ್ನೊಮ್ಮೆ ಮಾಡಬೇಕು. ಬಹಳ ಗುಂಪುಗಳು ಎರಡನೇ ಸಲ ಬರುವುದಿಲ್ಲ, ತಿಗಣೆ ಮಾತ್ರ ಬರುತ್ತದೆ.

ಮೈ ಕೆರೆತವೆಲ್ಲ ತಿಗಣೆಯದೇ ಅಲ್ಲ. ಬೆರಳ ಸಂದಿಯಲ್ಲಿ ಗುಳ್ಳೆ, ರಾತ್ರಿ ಜಾಸ್ತಿಯಾಗುವ ತುರಿಕೆ ಇದ್ದರೆ ಅದು ಕಜ್ಜಿ ಇರಬಹುದು. ಹತ್ತಿರದ ಆರೋಗ್ಯ ಕೇಂದ್ರ ಅಥವಾ ಸರ್ಕಾರದ ‘ನಮ್ಮ ಕ್ಲಿನಿಕ್’ಗೆ ಕರೆದೊಯ್ಯಿರಿ. ಮನೆಯವರೆಲ್ಲ, ತುರಿಕೆ ಇಲ್ಲದವರೂ ಸೇರಿ, ಒಂದೇ ದಿನ ಮದ್ದು ಹಚ್ಚಿಕೊಳ್ಳಬೇಕು. ಎರಡು ವಾರ ಮೀರಿದ ಕೆಮ್ಮು ಯಾರಿಗಾದರೂ ಇದ್ದರೆ ಕಫ ಪರೀಕ್ಷೆ ಮಾಡಿಸಿ. ಸರ್ಕಾರಿ ಆಸ್ಪತ್ರೆಯಲ್ಲಿ ಪರೀಕ್ಷೆಯೂ ಕ್ಷಯದ ಚಿಕಿತ್ಸೆಯೂ ಉಚಿತ.

ಛಾವಣಿ, ಗಾಳಿ, ಕರೆಂಟು, ಬೆಂಕಿ

ಸೋರುವ ಛಾವಣಿಯ ಕೆಲಸ ಮಾರ್ಚ್ ಒಳಗೆ ಮುಗಿಯಲಿ. ಏಪ್ರಿಲ್‌ನಲ್ಲಿ ಬೆಂಗಳೂರಿಗೆ ಗುಡುಗು ಮಳೆ ಶುರುವಾಗುತ್ತದೆ, ಮುಂಗಾರು ಹಿಂಗಾರು ಸೇರಿ ನವೆಂಬರ್ ತನಕ ಮಳೆ ಬಿಡುವುದಿಲ್ಲ. ತಾರಸಿಯಲ್ಲಿ ನೀರು ನಿಲ್ಲುತ್ತಿದ್ದರೆ ಮೇಲೆ ರಾಸಾಯನಿಕ ಬಳಿದು ಪ್ರಯೋಜನವಿಲ್ಲ. ಮೊದಲು ನೀರು ಹರಿದುಹೋಗುವ ಹಾಗೆ ಇಳಿಜಾರು ಕೊಡಿಸಿ, ಕೊಳವೆಯ ಬಾಯಿ ಬಿಡಿಸಿ.

ಇಲ್ಲಿ ಒಂದು ಮಾತು. ತಂಗುದಾಣದಲ್ಲಿರುವವರಲ್ಲೇ ಗಾರೆ ಮೇಸ್ತ್ರಿಗಳು, ಸೆಂಟ್ರಿಂಗ್ ಕೆಲಸದವರು, ಪೇಂಟರ್‌ಗಳು ಇರುತ್ತಾರೆ. ಈ ನಗರದ ಅಪಾರ್ಟ್‌ಮೆಂಟುಗಳನ್ನು ಕಟ್ಟಿದ ಕೈಗಳು ಅವು. ಕೆಲಸವನ್ನು ಅವರಿಗೇ ಕೊಡಿ, ಪೂರ್ತಿ ದಿನಗೂಲಿ ಕೊಡಿ. ಇದು ನಿಮ್ಮದೇ ಮನೆ ಅಲ್ವಾ ಅಂತ ಹೇಳಿ ಬಿಟ್ಟಿ ಕೆಲಸ ಮಾಡಿಸುವುದು ಅನ್ಯಾಯ. ಅವರು ಆ ದಿನದ ಕೂಲಿ ಬಿಟ್ಟು ಬಂದಿರುತ್ತಾರೆ.

ಗಾಳಿಗೆ ಎದುರು ಬದುರು ಕಿಟಕಿ ಬೇಕು. ಇರುವ ಕಿಟಕಿಗಳನ್ನು ಸೊಳ್ಳೆಗೆ ಹೆದರಿ ರಟ್ಟಿನಿಂದ ಮುಚ್ಚಿರುತ್ತಾರೆ. ಜಾಲರಿ ಹೊಡೆಸಿ, ರಟ್ಟು ತೆಗೆಸಿ. ವೈರಿಂಗ್ ಕೆಲಸಕ್ಕೆ ಲೈಸೆನ್ಸ್ ಇರುವ ಎಲೆಕ್ಟ್ರಿಷಿಯನ್ ಬೇಕು. ಅರ್ತಿಂಗ್ ನೋಡಿಸಿ, 30 ಮಿಲಿ ಆಂಪಿಯರ್‌ನ ಆರ್‌ಸಿಸಿಬಿ (ಕರೆಂಟು ಸೋರಿದ ಕೂಡಲೇ ತಾನಾಗಿಯೇ ಕಡಿತವಾಗುವ ಸ್ವಿಚ್) ಹಾಕಿಸಿ. ಒದ್ದೆ ಕೈಯ ಮಗು ಸ್ವಿಚ್ ಮುಟ್ಟಿದರೆ ಜೀವ ಉಳಿಸುವುದು ಅದೇ. ಗ್ಯಾಸ್ ಸಿಲಿಂಡರ್ ಗೋಡೆಯ ಆಚೆ ಇರಲಿ, ರಬ್ಬರ್ ಪೈಪು ಐದು ವರ್ಷಕ್ಕೊಮ್ಮೆ ಬದಲಾಗಲಿ. ರಾತ್ರಿ ಬಾಗಿಲಿಗೆ ಹೊರಗಿನಿಂದ ಬೀಗ ಹಾಕುವ ಪದ್ಧತಿ ಎಲ್ಲಾದರೂ ಇದ್ದರೆ ಅದನ್ನು ಅವತ್ತೇ ನಿಲ್ಲಿಸಿ.

ಕುಟುಂಬಕ್ಕೊಂದು ಮೂಲೆ

ಕುಟುಂಬದ ತಂಗುದಾಣ ಅಂದರೆ ಬರೀ ಮಲಗುವ ಹಾಲ್ ಆಗಬಾರದು. ಗಂಡ ಹೆಂಡತಿ ತಗ್ಗಿದ ದನಿಯಲ್ಲಿ ಕಷ್ಟಸುಖ ಮಾತಾಡಲು, ತಾಯಿ ಮಗುವಿಗೆ ಹಾಲೂಡಲು, ಬೆಳೆದ ಮಗಳು ಬಟ್ಟೆ ಬದಲಿಸಲು ಮರೆ ಬೇಕು. ಹಣವಿದ್ದರೆ ಸಿಮೆಂಟ್ ಬೋರ್ಡಿನ ಅಡ್ಡಗೋಡೆ. ಎತ್ತರ ಆರೇಳು ಅಡಿ ಸಾಕು. ಮೇಲೆ ತೆರೆದಿದ್ದರೆ ಗಾಳಿ, ಬೆಳಕು ಬರುತ್ತವೆ. ಹಣ ಕಡಿಮೆಯಿದ್ದರೆ ಜಿಐ ಪೈಪಿಗೆ ದಪ್ಪ ಹತ್ತಿ ಪರದೆ. ತೆಳು ಸಿಂಥೆಟಿಕ್ ಪರದೆ ಬೆಂಕಿ ತಗುಲಿದರೆ ಕರಗಿ ಮೈಗೆ ಅಂಟುತ್ತದೆ, ಬೇಡ. ಯಾವ ಮೂಲೆ ಯಾರಿಗೆ ಅನ್ನುವುದನ್ನು ಕುಟುಂಬಗಳೇ ಕೂತು ತೀರ್ಮಾನಿಸಲಿ. ಒಂಟಿ ಹೆಂಗಸರು, ಮಕ್ಕಳಿರುವ ಭಾಗ ಶೌಚಾಲಯಕ್ಕೆ ಹತ್ತಿರವಿರಲಿ.

ಆಮೇಲೆ ಬೀಗ. ಪ್ರತಿ ಕುಟುಂಬಕ್ಕೂ ಒಂದು ಕಬ್ಬಿಣದ ಪೆಟ್ಟಿಗೆ ಅಥವಾ ಲಾಕರ್, ಅದರ ಬೀಗದ ಕೈ ಅವರ ಹತ್ತಿರವೇ. ಆಧಾರ್ ಕಾರ್ಡು, ಮಗುವಿನ ಲಸಿಕೆ ಕಾರ್ಡು, ನಾಲ್ಕು ಕಾಸು, ಮದುವೆ ಫೋಟೊ ಇವನ್ನು ಸೊಂಟಕ್ಕೆ ಕಟ್ಟಿಕೊಂಡೇ ಮಲಗುವ ಸ್ಥಿತಿ ಯಾರಿಗೂ ಬೇಡ. ಲಾಕರ್ ಒಳಗೇ ಮೊಬೈಲ್ ಚಾರ್ಜಿಂಗ್ ಪಾಯಿಂಟ್ ಇದ್ದರೆ ಜಗಳಗಳೂ ಕಡಿಮೆಯಾಗುತ್ತವೆ. ತಳ್ಳುಗಾಡಿ, ಮೂಟೆಗಳಿಗೆ ಅಂಗಳದಲ್ಲಿ ಶೀಟು ಹಾಕಿದ ಒಂದು ಜಾಗ ಸಾಕು.

ಅಡುಗೆಮನೆಯ ಬಗ್ಗೆ ನನ್ನ ನಿಲುವು ಗಟ್ಟಿ. ಹೊರಗಿನಿಂದ ಪೊಟ್ಟಣ ತಂದು ಹಂಚುವುದಕ್ಕಿಂತ ಎರಡು ಒಲೆ, ಪಾತ್ರೆ, ಸರದಿಯ ವ್ಯವಸ್ಥೆ ಒಳ್ಳೆಯದು. ರಾಯಚೂರಿನ ಅಮ್ಮ ರೊಟ್ಟಿ ಬಡಿಯಲಿ, ಪಕ್ಕದವರು ಮುದ್ದೆ ತಿರುವಲಿ. ಕೆಲಸದಿಂದ ತಡವಾಗಿ ಬಂದ ದಿನಕ್ಕೆ ಹತ್ತಿರ ಇಂದಿರಾ ಕ್ಯಾಂಟೀನ್ ಇದ್ದರೆ ಅದರ ಸಮಯವನ್ನು ಬೋರ್ಡಿನಲ್ಲಿ ಬರೆಯಿರಿ.

ಮಕ್ಕಳು

ಒಂದು ಚಾಪೆ, ಒಳ್ಳೆಯ ದೀಪ, ಪುಸ್ತಕ ಇಡಲು ಶೆಲ್ಫ್ ಸಾಕು, ಓದುವ ಮೂಲೆ ಸಿದ್ಧ. ಅದಕ್ಕಿಂತ ತುರ್ತು ಕೆಲಸ ಶಾಲೆಗೆ ಸೇರಿಸುವುದು. 2009ರ ಶಿಕ್ಷಣ ಹಕ್ಕು ಕಾಯ್ದೆಯ ಪ್ರಕಾರ 6ರಿಂದ 14 ವರ್ಷದ ಮಗುವಿಗೆ ಜನನ ಪತ್ರ ಇಲ್ಲ ಅಂತಲೋ, ವರ್ಷದ ನಡುವೆ ಬಂದಿತು ಅಂತಲೋ ಸೀಟು ನಿರಾಕರಿಸುವಂತಿಲ್ಲ. ತಂದೆತಾಯಿಯ ಜೊತೆ ನೀವೂ ಹೋಗಿ. ಮಾತು ಅವರೇ ಆಡಲಿ, ನೀವು ಪಕ್ಕದಲ್ಲಿದ್ದರೆ ಸಾಕು. ಆರು ವರ್ಷದೊಳಗಿನವರನ್ನೂ ಗರ್ಭಿಣಿ, ಬಾಣಂತಿಯರನ್ನೂ ಹತ್ತಿರದ ಅಂಗನವಾಡಿಯಲ್ಲಿ ಬರೆಸಿ. 2017ರಿಂದ ಮಾತೃಪೂರ್ಣ ಯೋಜನೆಯಲ್ಲಿ ಗರ್ಭಿಣಿ, ಬಾಣಂತಿಯರಿಗೆ ಅಲ್ಲಿ ಬಿಸಿಯೂಟ ಇದೆ.

ಮಕ್ಕಳ ಸುರಕ್ಷತೆಯಲ್ಲಿ ಸಡಿಲಿಕೆ ಬೇಡ. ಮಕ್ಕಳ ಜೊತೆ ಕೆಲಸ ಮಾಡುವ ಎಲ್ಲ ಸ್ವಯಂಸೇವಕರಿಗೂ ಪೊಲೀಸ್ ಪರಿಶೀಲನೆ ಆಗಿರಲಿ. ಮುಚ್ಚಿದ ಕೋಣೆಯಲ್ಲಿ ದೊಡ್ಡವರೊಬ್ಬರೇ ಮಗುವಿನ ಜೊತೆ ಇರಬಾರದು. ಮುಖ ಕಾಣುವ ಫೋಟೊ ತೆಗೆಯಬೇಡಿ, ಜಾಲತಾಣಕ್ಕೆ ಹಾಕಬೇಡಿ. ಹಿಂಸೆಯಿಂದ ತಪ್ಪಿಸಿಕೊಂಡು ಬಂದ ತಾಯಿಯ ವಿಳಾಸ ಒಂದು ಫೋಟೊದಿಂದ ಬಯಲಾಗಬಹುದು. ಮಗುವಿನ ಮೇಲೆ ಲೈಂಗಿಕ ದೌರ್ಜನ್ಯ ನಡೆದದ್ದು ತಿಳಿದರೆ ದೂರು ಕೊಡಲೇಬೇಕು ಎಂದು 2012ರ ಪೋಕ್ಸೊ ಕಾಯ್ದೆ ಹೇಳುತ್ತದೆ. ಮಕ್ಕಳ ಸಹಾಯವಾಣಿ 1098, ಮಹಿಳಾ ಸಹಾಯವಾಣಿ 181, ತುರ್ತಿಗೆ 112, ಆಂಬುಲೆನ್ಸ್‌ಗೆ 108. ಇವನ್ನು ದೊಡ್ಡ ಅಕ್ಷರದಲ್ಲಿ ಬರೆಸಿ.

ಕಾಗದಪತ್ರ

ವಾರಕ್ಕೊಂದು ಸಂಜೆ ಕಾಗದದ ಕೆಲಸಕ್ಕೆ ಮೀಸಲಿಡಿ. ಕಂಪ್ಯೂಟರ್ ಗೊತ್ತಿರುವ ಕಾಲೇಜು ಹುಡುಗ ಹುಡುಗಿಯರು ಇದರಲ್ಲಿ ಬಹಳ ಉಪಯೋಗಕ್ಕೆ ಬರುತ್ತಾರೆ. ವಿಳಾಸದ ದಾಖಲೆ ಇಲ್ಲದವರಿಗೆ ಮಾನ್ಯತೆ ಇರುವ ಆಶ್ರಯ ಕೇಂದ್ರದ ಮುಖ್ಯಸ್ಥರು ನಿಗದಿತ ನಮೂನೆಯಲ್ಲಿ ಪ್ರಮಾಣಪತ್ರ ಕೊಟ್ಟರೆ ಆಧಾರ್‌ಗೆ ನಡೆಯುತ್ತದೆ. ಮತದಾರರ ಪಟ್ಟಿಗೆ ಸೇರಲು ಮನೆ ಇಲ್ಲದವರು ವಿಳಾಸದ ಪುರಾವೆ ಕೊಡಬೇಕಿಲ್ಲ. ಬೂತ್ ಮಟ್ಟದ ಅಧಿಕಾರಿ ರಾತ್ರಿ ಬಂದು, ಹೇಳಿದ ಜಾಗದಲ್ಲೇ ಮಲಗುತ್ತಾರಾ ಅಂತ ನೋಡುತ್ತಾರೆ. ಊರಿನಲ್ಲಿ ರೇಷನ್ ಕಾರ್ಡ್ ಇರುವವರು ಬೆರಳಚ್ಚು ಕೊಟ್ಟು ಇಲ್ಲಿನ ನ್ಯಾಯಬೆಲೆ ಅಂಗಡಿಯಲ್ಲೇ ಅಕ್ಕಿ ಪಡೆಯಬಹುದು. ಎಷ್ಟೋ ಕುಟುಂಬಗಳಿಗೆ ಇದು ಗೊತ್ತಿಲ್ಲ, ಅಂಗಡಿಯಲ್ಲಿ ದುಡ್ಡು ಕೊಟ್ಟು ಕೊಳ್ಳುತ್ತಿರುತ್ತಾರೆ. ಹಿಂದಿನ ಒಂದು ವರ್ಷದಲ್ಲಿ 90 ದಿನ ಕಟ್ಟಡ ಕೆಲಸ ಮಾಡಿದ, 18ರಿಂದ 60 ವರ್ಷದೊಳಗಿನವರು ಕಟ್ಟಡ ಕಾರ್ಮಿಕರ ಕಲ್ಯಾಣ ಮಂಡಳಿಯಲ್ಲಿ ಹೆಸರು ನೋಂದಾಯಿಸಬಹುದು.

ಮೂಲ ದಾಖಲೆ ಯಾವತ್ತೂ ನಿಮ್ಮ ಹತ್ತಿರ ಇಟ್ಟುಕೊಳ್ಳಬೇಡಿ. ಫೋಟೊ ತೆಗೆದು, ಅವರ ಮೊಬೈಲಿಗೇ ಹಾಕಿಕೊಡಿ.

ಬಣ್ಣ, ದಾನ, ನಿರ್ವಹಣೆ

ಗೋಡೆಯ ತೇವ ನಿಂತು, ಬಿರುಕು ಮುಚ್ಚಿದ ಮೇಲೆ ಬಣ್ಣ. ಸುಣ್ಣವೇ ಅಗ್ಗ, ಬೂಷ್ಟನ್ನೂ ತಡೆಯುತ್ತದೆ, ಕೋಣೆಗೆ ಬೆಳಕೂ ಬರುತ್ತದೆ. ಬಣ್ಣ ಯಾವುದು ಅಂತ ಮಕ್ಕಳನ್ನು ಕೇಳಿ.

ಹಳೆ ಬಟ್ಟೆಯ ಮೂಟೆಗಳನ್ನು ಬೇಡ ಅನ್ನಲು ಕಲಿಯಿರಿ. ಅವು ಮೂಲೆ ಹಿಡಿದು ತಿಗಣೆಗೆ ಗೂಡಾಗುತ್ತವೆ. ಬೇಕಾದ್ದರ ಪಟ್ಟಿ ಮಾಡಿ ಹಂಚಿ: ಹೊಸ ಒಳಉಡುಪು, ಪ್ಯಾಡು, ಸೋಪು, ಬಕೆಟ್, ಡಿಸೆಂಬರ್ ಚಳಿಗೆ ಹೊದಿಕೆ, ಎಲ್‌ಇಡಿ ಬಲ್ಬು. ಅತ್ಯಂತ ಕಷ್ಟದಲ್ಲಿ ಸಿಗುವ ದಾನ ತಿಂಗಳು ತಿಂಗಳೂ ಬರುವ ಸಣ್ಣ ಮೊತ್ತ. ನಲ್ಲಿ ಕೆಟ್ಟ ದಿನ ಪ್ಲಂಬರ್‌ಗೆ ಕೊಡಲು ಅದೇ ಬೇಕು.

ಕುಟುಂಬಗಳಿಂದ ನಾಲ್ಕೈದು ಜನ, ಅರ್ಧಕ್ಕಿಂತ ಹೆಚ್ಚು ಹೆಂಗಸರು, ಕೇರ್‌ಟೇಕರ್, ನಿಮ್ಮಲ್ಲೊಬ್ಬರು ಸೇರಿ ಒಂದು ಸಮಿತಿ ಮಾಡಿ. ತಿಂಗಳಿಗೊಮ್ಮೆ ಕೂತು ಒಂದು ಪುಸ್ತಕದಲ್ಲಿ ಬರೆಯಿರಿ: ಏನು ಕೆಟ್ಟಿದೆ, ಯಾರಿಗೆ ಹೇಳಿದ್ದೇವೆ, ಯಾವಾಗ ಸರಿಯಾಯಿತು, ಟ್ಯಾಂಕ್ ತೊಳೆದದ್ದು ಯಾವಾಗ. ಪಾಲಿಕೆಗೆ ಮುಂದಿನ ಪತ್ರ ಬರೆಯುವಾಗ ಆ ಪುಸ್ತಕದ ಪುಟಗಳೇ ನಿಮ್ಮ ಸಾಕ್ಷಿ. ಕೇರ್‌ಟೇಕರ್‌ಗೆ ಸಂಬಳ ಸರಿಯಾಗಿ ಬರುತ್ತಿದೆಯಾ ಅನ್ನುವುದನ್ನೂ ಸಮಿತಿ ಕೇಳಲಿ. ಸಂಬಳ ನಿಂತ ಕಡೆ ಮಿಕ್ಕೆಲ್ಲವೂ ನಿಲ್ಲುತ್ತದೆ.

ಬಾಡಿಗೆ ಮನೆಗೆ ಹೊರಟಾಗ

ಕೆಲವು ಕುಟುಂಬಗಳು ಸ್ವಲ್ಪ ದುಡ್ಡು ಕೂಡಿಸಿಕೊಂಡು ಶೀಟು ಮನೆಯೊಂದನ್ನು ಬಾಡಿಗೆಗೆ ಹುಡುಕುತ್ತವೆ. ಅಡ್ಡಿಯಾಗುವುದು ಅಡ್ವಾನ್ಸು, ಜೊತೆಗೆ ಓನರ್‌ಗೆ ಇವರು ಯಾರು ಅನ್ನುವ ಅನುಮಾನ. ಅಡ್ವಾನ್ಸಿಗೆ ಬಡ್ಡಿಯಿಲ್ಲದ ಸಾಲದ ಒಂದು ನಿಧಿ ಮಾಡಿ. ಮನೆ ನೋಡಲು ನಿಮ್ಮಲ್ಲೊಬ್ಬರು ಜೊತೆಗೆ ಹೋಗಿ ಪರಿಚಯ ಮಾಡಿಕೊಡಿ, ಕರಾರನ್ನು ಓದಿ ಹೇಳಿ. ಒಲೆ, ನಾಲ್ಕು ಪಾತ್ರೆ, ಎರಡು ಬಕೆಟ್, ಹಾಸಿಗೆ, ಬಲ್ಬು ಇಷ್ಟನ್ನು ಕಟ್ಟಿಕೊಡಿ. ಸಾಧ್ಯವಾದರೆ ಮಗುವಿನ ಶಾಲೆ ಬದಲಾಗದಷ್ಟು ಹತ್ತಿರದಲ್ಲೇ ಮನೆ ಹುಡುಕಿ. ಮೊದಲ ಕೆಲವು ತಿಂಗಳು ಆಗಾಗ ಫೋನ್ ಮಾಡಿ ವಿಚಾರಿಸಿ. ಬಾಡಿಗೆ ತಪ್ಪುವುದು ಹೆಚ್ಚಾಗಿ ಯಾರಾದರೂ ಹುಷಾರು ತಪ್ಪಿ ಕೂಲಿ ನಿಂತಾಗ. ಆ ಒಂದು ತಿಂಗಳ ಬಾಡಿಗೆಯಷ್ಟನ್ನು ನಿಧಿಯಿಂದ ಕೊಟ್ಟರೆ ಆ ಕುಟುಂಬ ಮತ್ತೆ ಬೀದಿಗೆ ಬರುವುದು ತಪ್ಪುತ್ತದೆ.